ಅತ್ತೆಯ ಉಪ್ಪಿನ ಮರಿಗೆ

ನಮ್ಮ ಅಡುಗೆಮನೆಗೆ ಬಂದವರೆಲ್ಲ ಒಲೆಕಟ್ಟೆಯ ಬಲಗಡೆ ಇದ್ದ ಹಲಸಿನ ಮರದ ಮರಿಗೆ ನೋಡಿಯೇ ಇರ್ತೀರಿ. ಒಳಗೆಲ್ಲ ಬೆಳ್ಳಗೆ ಉಪ್ಪು ಹಿಡಿದ ಮರಿಗೆ. ಅತ್ತೆ ಮದುವೆಯಾಗಿ ಶಿರ್ವಕ್ಕೆ ಬರುವಾಗಲೇ ಅದು ಇಲ್ಲಿ ಇತ್ತಂತೆ. ಅವರ ಅತ್ತೆ ಅದರಿಂದ ಮುಷ್ಟಿಯಲ್ಲಿ ಕಲ್ಲುಪ್ಪು ತೆಗೆದು ಹುಳಿಗೆ ಹಾಕಿದರು, ಇವರೂ ಹಾಕಿದರು, ಕೋಟದಿಂದ ಬಂದ ನಾನೂ 18 ವರ್ಷ ಅದರಿಂದಲೇ ಹಾಕಿದೆ. ಮಳೆಗಾಲ ಹಿಡಿಯಿತೆಂದರೆ ಉಪ್ಪು ನೀರೊಡೆದು ಮರಿಗೆಯ ಮೂಲೆಯಿಂದ ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಗೆರಟೆ ಇಡುವುದು, ತುಂಬಿದ ಮೇಲೆ ತೆಂಗಿನ ಬುಡಕ್ಕೆ ಚೆಲ್ಲುವುದು.

ಈಗ ಆ ಮರಿಗೆ ಅಲ್ಲಿ ಇಲ್ಲ. "ಎಲ್ಲಿ ಹೋಯ್ತು ಮಾರಾಯ್ತಿ, ಅತ್ತೆ ಸೊಸೆ ಜಗಳವಾ?" ಅಂತ ನವರಾತ್ರಿಗೆ ಬಂದವರಲ್ಲಿ ಮೂರು ಜನ ಕೇಳಿಯಾಯಿತು. ಜಗಳ ಆದದ್ದು ಹೌದು. ಅದನ್ನೇ ಬರೆಯುತ್ತೇನೆ. ಬರೆದದ್ದನ್ನು ಅತ್ತೆಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ನಿಮ್ಮ ಮುಂದೆ ಇಡುವುದು.

ಶುರುವಾದದ್ದು ಮಲ್ಲಿಗೆಯಿಂದ. ನಮ್ಮ ಅಂಗಳದ ಗಿಡ ನಿಮಗೆ ಗೊತ್ತುಂಟು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರು ಬರುವ ಮೊದಲು ತಯಾರು ಮಾಡಿ ಇಡಬೇಕು. 800 ಹೂವಿಗೆ ಒಂದು ಚೆಂಡು. ಮಗಳು ಆರನೇ ಕ್ಲಾಸಿನಲ್ಲಿ ಇರುವಾಗ ನನಗಿಂತ ಚುರುಕಾಗಿ ಕಟ್ಟುತ್ತಿದ್ದಳು. ಅವಳ ಬೆರಳು ನೋಡುವುದೇ ಒಂದು ಚಂದ. ಏಳನೆಗೆ ಬರುವ ಹೊತ್ತಿಗೆ ಆ ಕೈ ನಿಧಾನ ಆಯಿತು. ನಾರು ಹಿಡಿದುಕೊಂಡೇ ತೂಕಡಿಸುತ್ತಾಳೆ. ಮೇ ತಿಂಗಳ ಸೆಕೆಯಲ್ಲಿ ನಾವೆಲ್ಲ ಬೆವರಿ ಸಾಯುವಾಗ ಇವಳು ಫ್ಯಾನು ಬಂದ್ ಮಾಡು ಅನ್ನುತ್ತಾಳೆ. ಮೈ ಚರ್ಮ ಒರಟು. ಎರಡು ದಿನಕ್ಕೊಮ್ಮೆ ಹೊಟ್ಟೆ ಸರಿ ಇಲ್ಲ. ಲೆಕ್ಕದಲ್ಲಿ ಮಾರ್ಕು ಇಳಿಯಿತು. ಕ್ಲಾಸಿನಲ್ಲಿ ಸಾಲಾಗಿ ನಿಲ್ಲಿಸಿದರೆ ಮೊದಲು ನಡುವಿನಲ್ಲಿ ಇದ್ದವಳು ಈಗ ಮುಂದೆ, ಗಿಡ್ಡ ಮಕ್ಕಳ ಜೊತೆ.

ಇಷ್ಟೆಲ್ಲ ಈಗ ಒಂದೇ ಉಸಿರಿಗೆ ಬರೆಯುತ್ತೇನೆ. ಆವಾಗ ನನಗೆ ಇದು ಒಂದಕ್ಕೊಂದು ಸೇರಿದ ವಿಷಯ ಅಂತ ತಲೆಗೇ ಹೋಗಲಿಲ್ಲ. ಸೋಂಬೇರಿತನ ಅಂದುಕೊಂಡೆ, ಮೊಬೈಲು ಅಂದುಕೊಂಡೆ, ದೊಡ್ಡವಳಾಗುವ ವಯಸ್ಸು ಅಂದುಕೊಂಡೆ. ಒಂದು ದಿನ ಬೆಳಿಗ್ಗೆ ಹೂವಿನವರ ಬೈಕಿನ ಹಾರ್ನು ಕೇಳಿದ್ದೇ, ಅರ್ಧ ಚೆಂಡೂ ಆಗದೆ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದವಳ ಬೆನ್ನಿಗೆ ಒಂದು ಬಿಟ್ಟೆ. ಅವಳು ಅಳಲಿಲ್ಲ. ಕಣ್ಣು ತೆರೆದು, ನಾರು ಹುಡುಕಿ, ಪುನಃ ಕಟ್ಟಲಿಕ್ಕೆ ಕೂತಳು.

ಅದಾಗಿ ಒಂದು ವಾರ ಆಗಿರಬಹುದು. ಶಾಲೆಯಿಂದ ಬಂದವಳು ಚೊಂಬು ಎತ್ತಿ ನೀರು ಕುಡಿಯುತ್ತಿದ್ದಳು. ನಮ್ಮಲ್ಲಿ ಕಚ್ಚಿ ಕುಡಿಯುವ ಕ್ರಮ ಇಲ್ಲವಲ್ಲ, ತಲೆ ಹಿಂದೆ ಹಾಕಿ ಗಟಗಟ ಅಂತ. ಪಶ್ಚಿಮದ ಬಿಸಿಲು ಸೀದಾ ಕುತ್ತಿಗೆಗೆ ಬೀಳುತ್ತಿತ್ತು. ಗಂಟಲ ಗುಳಿಯ ಎರಡೂ ಬದಿ ಏನೋ ಉಬ್ಬಿದ ಹಾಗೆ, ಒಂದೊಂದು ಗುಟುಕಿಗೂ ಅದು ಮೇಲೆ ಹೋಗಿ ಕೆಳಗೆ ಬರುತ್ತದೆ. ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ. ನನ್ನ ಕೈಯಲ್ಲಿದ್ದ ಸೌಟು ಹಾಗೇ ಉಳಿಯಿತು.

ಬೆಂಗಳೂರಿನ ನಾದಿನಿಗೆ ಫೋಟೊ ಕಳಿಸಿದೆ. ಅವಳು ಐದೇ ನಿಮಿಷದಲ್ಲಿ ಫೋನ್ ಮಾಡಿ "ಥೈರಾಯ್ಡ್ ಇರಬೇಕು ಅತ್ತಿಗೆ. ಅಮ್ಮ ಇನ್ನೂ ಆ ಕಲ್ಲುಪ್ಪೇ ಹಾಕುವುದಾ? ಅಯೋಡಿನ್ ಇಲ್ಲದ್ರೆ ಹೀಗೇ ಆಗುವುದು" ಅಂದಳು. ಸಾಕಾಯಿತು ನನಗೆ. ಬೆನ್ನಿಗೆ ಹೊಡೆದದ್ದು ಮನಸ್ಸಿನಲ್ಲಿ ಕುಟುಕುತ್ತಿತ್ತಲ್ಲ, ಆ ಸಿಟ್ಟನ್ನು ಇಳಿಸಲಿಕ್ಕೆ ಒಂದು ಜಾಗ ಸಿಕ್ಕಿತು. ಮರಿಗೆ ಎತ್ತಿಕೊಂಡು ಹೋಗಿ ಉಪ್ಪನ್ನೆಲ್ಲ ತೆಂಗಿನ ಬುಡಕ್ಕೆ ಸುರಿದೆ. "ನಿಮ್ಮ ಈ ಉಪ್ಪಿನಿಂದಲೇ ಹುಡುಗಿಗೆ ಹೀಗಾದದ್ದು" ಅಂತ ಅತ್ತೆಯ ಮುಖಕ್ಕೇ ಹೇಳಿದೆ.

ಅತ್ತೆ ಜೋರು ಮಾಡಲಿಲ್ಲ. "ಕಡಲ ಉಪ್ಪಿನಲ್ಲಿ ಇಲ್ಲದ್ದು ನಿನ್ನ ಅಂಗಡಿಯ ತೊಟ್ಟೆಯಲ್ಲಿ ಉಂಟಾ?" ಅಂತ ಒಂದೇ ಮಾತು ಕೇಳಿದರು. ಆ ರಾತ್ರಿ ಮಜ್ಜಿಗೆ ಅನ್ನಕ್ಕೆ ಅವರು ಉಪ್ಪೇ ಹಾಕಿಕೊಳ್ಳಲಿಲ್ಲ.

ಕೋಟಕ್ಕೆ ಫೋನ್ ಮಾಡಿ ಅಮ್ಮನ ಹತ್ತಿರ ಹೇಳಿಕೊಂಡರೆ ಅಲ್ಲಿಯೂ ನನಗೇ ಬಿತ್ತು. "ನಮ್ಮಲ್ಲೂ ಅದೇ ಉಪ್ಪ್, ನೀವ್ ಮೂರ್ ಜನವೂ ಅದನ್ನೇ ತಿಂದ್ ದೊಡ್ಡಾದ್ದ್. ಉಪ್ಪಿನ ಕಥೆ ಹಾಂಗಿರ್ಲಿ, ಹೆಣ್ಣಿಗೆ ಹೊಡ್ದದ್ದ್ ಎಂತಕೆ?"

ಅತ್ತೆಯ ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಕಾಪು ಕಡಲು ನಮಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಕಡಲಲ್ಲಿ ಅಯೋಡಿನ್ ಉಂಟು ಅಂತ ಶಾಲೆ ಪುಸ್ತಕದಲ್ಲಿಯೇ ಉಂಟು. ಮತ್ತೆ ಕಡಲ ನೀರು ಒಣಗಿಸಿದ ಉಪ್ಪಿನಲ್ಲಿ ಯಾಕೆ ಇಲ್ಲ? ಲೆಕ್ಕ ಹಾಕಿ ನೋಡಿದೆ. ಒಂದು ಲೀಟರ್ ಕಡಲ ನೀರಿನಲ್ಲಿ ಅಯೋಡಿನ್ ಇರುವುದು ಸುಮಾರು 60 ಮೈಕ್ರೊಗ್ರಾಂ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೊಗ್ರಾಂ. ಅದೇ ಒಂದು ಲೀಟರಿನಿಂದ ಉಪ್ಪು ಸಿಗುವುದು 35 ಗ್ರಾಂ. ಇದ್ದಬದ್ದ ಅಯೋಡಿನ್ ಎಲ್ಲ ಉಪ್ಪಿನಲ್ಲೇ ಉಳಿದರೂ 10 ಗ್ರಾಂ ಉಪ್ಪಿನಲ್ಲಿ 17 ಮೈಕ್ರೊಗ್ರಾಂ ಮಾತ್ರ. 6ರಿಂದ 12 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 120. ಅದರ ಮೇಲೆ ಆ ಅಯೋಡಿನ್ ಉಪ್ಪಿನ ಹರಳಿಗೆ ಸೇರುವುದೂ ಇಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ನೋಡಿದವರಿಗೆ ಗೊತ್ತಿರಬಹುದು, ಹರಳು ಕಟ್ಟಿದ ಮೇಲೆ ಕೆಳಗೆ ಕಹಿ ನೀರು ಉಳಿಯುತ್ತದೆ. ಅಯೋಡಿನ್ನಿನ ಹೆಚ್ಚಿನ ಪಾಲು ಆ ನೀರಿನಲ್ಲೇ ಹೋಗುತ್ತದೆ.

ನಮ್ಮ ಮಣ್ಣಿನ ಕಥೆಯೂ ಅಷ್ಟೇ. ವರ್ಷಕ್ಕೆ 4 ಮೀಟರಿನಷ್ಟು ಮಳೆ ಸುರಿಯುವ ಊರು ಇದು. ಎಷ್ಟೋ ಸಾವಿರ ವರ್ಷದಿಂದ ಆ ಮಳೆ ಮುರಕಲ್ಲಿನ ಗುಡ್ಡೆಯಿಂದ ಎಲ್ಲವನ್ನೂ ತೊಳೆದು ಕಡಲಿಗೆ ಕೊಂಡುಹೋಗಿ ಆಗಿದೆ. ಇಂಥ ಮಣ್ಣಿನಲ್ಲಿ ಅಯೋಡಿನ್ ಕಡಿಮೆ ಆದರೆ ಅಲ್ಲಿ ಬೆಳೆದ ಬಸಳೆ, ಅಲಸಂಡೆ, ಅಕ್ಕಿಯಲ್ಲೂ ಕಡಿಮೆಯೇ. ಅದು ತುಂಬ ಇರುವುದು ಮೀನಿನಲ್ಲಿ, ಕಡಲ ಪಾಚಿಯಲ್ಲಿ. ನಾವು ಕಡಲ ಹತ್ತಿರ ಇದ್ದೇವೆ ಹೌದು, ಆದರೆ ಕಡಲಿನದ್ದು ಒಂದೂ ತಿನ್ನುವುದಿಲ್ಲವಲ್ಲ.

ಇದನ್ನು ಬೇಲಿಯ ಹತ್ತಿರ ನಿಂತು ಬಾಯಮ್ಮನ ಹತ್ತಿರ ಹೇಳಿದೆ. "ಹಾಗಾದ್ರೆ ನಮಗೆ ಹೆದರಿಕೆ ಇಲ್ಲ, ಬೂತಾಯಿ ಉಂಟು ಬಂಗುಡೆ ಉಂಟು" ಅಂತ ನಗಾಡಿದರು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟು ಕಡಲಿಗೆ ಇಳಿಯಲಿಕ್ಕಿಲ್ಲ, ಆವಾಗ ಎಂತ ಮಾಡ್ತೀರಿ ಅಂದೆ. "ಒಣಮೀನು" ಅಂದರು, ಮತ್ತೆ ತಾವೇ ಸ್ವಲ್ಪ ಯೋಚನೆ ಮಾಡಿ "ಉಪ್ಪು ಯಾವುದು ಅಂತ ನೋಡ್ಬೇಕು" ಅಂದರು.

ಇದೆಲ್ಲ ದೊಡ್ಡವರಿಗೆ ಗೊತ್ತಿಲ್ಲದ ವಿಷಯ ಅಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಯವರು ಊರನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು ಕೊಟ್ಟು ನೋಡಿದರು. ಕೆಲವೇ ವರ್ಷದಲ್ಲಿ ಅಯೋಡಿನ್ ಉಪ್ಪು ತಿಂದ ಕಡೆಯ ಮಕ್ಕಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ದೇಶಕ್ಕೇ ಗಳಗಂಡ ತಡೆಯುವ ಕಾರ್ಯಕ್ರಮ ಬಂತು. ಆದರೆ ಗಳಗಂಡ ಅಂದರೆ ಹಿಮಾಲಯದ ಕಾಯಿಲೆ, ಘಟ್ಟದ ಮೇಲಿನವರ ಕಾಯಿಲೆ ಅಂತಲೇ ನಾವು ಇದ್ದದ್ದು. ನಮ್ಮ ಕರಾವಳಿಯ ಶಾಲೆ ಮಕ್ಕಳ ಕುತ್ತಿಗೆಯನ್ನು ಮಣಿಪಾಲದ ವೈದ್ಯರು ಪರೀಕ್ಷೆ ಮಾಡಿದ ವರದಿ 2002ರಲ್ಲೇ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಬಂದಿದೆ. ಇಲ್ಲಿಯೂ ಉಂಟು ಅಂತ ಅದರಲ್ಲಿ ಕಂಡಿತು. 2006ರ ಮೇ 17ರಿಂದ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಅಂತ ಮಾರಲಿಕ್ಕೆ ಇಲ್ಲ ಅಂತ ಕಾನೂನೂ ಆಯಿತು. ಕಾನೂನು ಆದರೆ ಎಂತ, ಮರಿಗೆಗೆ ತುಂಬುವುದು ನಾವಲ್ಲವಾ!

ಮಣಿಪಾಲಕ್ಕೆ ಹೋಗುವ ದಿನ ಅತ್ತೆಯೂ ಸೀರೆ ಉಟ್ಟು ತಯಾರಾಗಿ ಚಾವಡಿಯಲ್ಲಿ ಕೂತಿದ್ದರು. ಬರ್ತೀರಾ ಅಂತ ನಾನು ಕೇಳಲಿಲ್ಲ, ಬರ್ತೇನೆ ಅಂತ ಅವರು ಹೇಳಲಿಲ್ಲ. ಮೊಮ್ಮಗಳ ಕೈ ಹಿಡಿದು ಬಸ್ಸು ಹತ್ತಿದರು.

ಡಾಕ್ಟ್ರಮ್ಮ ಎಲ್ಲಕ್ಕಿಂತ ಮೊದಲು ಮಾಡಿದ್ದು ಎಂತ ಗೊತ್ತುಂಟಾ? ಒಂದು ಲೋಟ ನೀರು ಕೊಟ್ಟು, ತಲೆ ಸ್ವಲ್ಪ ಹಿಂದೆ ಮಾಡಿ ಕುಡಿ ಅಂದರು. ನಾನು ಅಡುಗೆಮನೆಯಲ್ಲಿ ಕಂಡದ್ದನ್ನೇ ಅವರೂ ನೋಡಿದರು. ಮತ್ತೆ ಹಿಂದೆ ನಿಂತು ಬೆರಳಿನಿಂದ ಮುಟ್ಟಿ ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟು ತೆಗೆದುಕೊಳ್ಳಲಿಕ್ಕೆ ಮುಂದಿನ ವಾರ ಪುನಃ ಮೂವರೂ ಹೋದೆವು. ಟಿಎಸ್‌ಎಚ್ ತುಂಬ ಜಾಸ್ತಿ, ಟಿ4 ಕಡಿಮೆ. ಟಿ4 ಅಂದರೆ ಥೈರಾಯ್ಡ್ ಗ್ರಂಥಿ ಮಾಡುವ ಹಾರ್ಮೋನು, ಆ 4 ಅಂದರೆ ಒಂದೊಂದರಲ್ಲಿ ನಾಲ್ಕು ಅಯೋಡಿನ್ ಕಣ ಅಂತೆ. ಅದು ಸಾಲದೆ ಹೋದರೆ ಮೆದುಳಿನ ಕೆಳಗಿನ ಇನ್ನೊಂದು ಗ್ರಂಥಿ "ಮಾಡು, ಇನ್ನೂ ಮಾಡು" ಅಂತ ಟಿಎಸ್‌ಎಚ್ ಕಳಿಸುತ್ತಲೇ ಇರುತ್ತದೆ. ಅಯೋಡಿನ್ ಇಲ್ಲದೆ ಅದು ಮಾಡುವುದಾದರೂ ಎಲ್ಲಿಂದ? ಬೈಸಿಕೊಂಡು ಬೈಸಿಕೊಂಡು ಊದುತ್ತದೆ. ಅದೇ ಗಳಗಂಡ. ಕೇಳುವಾಗ ನನಗೆ ಆ ಬೆಳಗಿನ ಮಲ್ಲಿಗೆ ನೆನಪಾಗದೆ ಇರಲಿಲ್ಲ.

"ಹಾಗಾದ್ರೆ ಉಪ್ಪಿನಿಂದಲೇ ಅಲ್ವಾ ಡಾಕ್ಟ್ರೆ?" ಅಂತ ಕೇಳಿದೆ. ಅತ್ತೆ ಪಕ್ಕದಲ್ಲೇ ಇದ್ದರು. ಅವರಿಗೆ ಕೇಳಲಿ ಅಂತಲೇ ಕೇಳಿದ್ದು, ಸುಳ್ಳು ಯಾಕೆ ಹೇಳಲಿ.

ಡಾಕ್ಟ್ರಮ್ಮ ಇನ್ನೊಂದು ಕಾಗದ ತೋರಿಸಿದರು. ಇವಳ ರಕ್ತದಲ್ಲಿ ಥೈರಾಯ್ಡಿನ ವಿರುದ್ಧವೇ ಕೆಲಸ ಮಾಡುವ ಒಂದು ಅಂಶ ಉಂಟು, ರೋಗ ತಡೆಯಬೇಕಾದ ದೇಹದ ಶಕ್ತಿಯೇ ತನ್ನ ಗ್ರಂಥಿಯ ಮೇಲೆ ತಿರುಗಿ ಬಿದ್ದದ್ದು ಅಂದರು. ಅದು ಉಪ್ಪಿನಿಂದ ಬರುವುದಲ್ಲ. ಅಯೋಡಿನ್ ಉಪ್ಪು ತಿನ್ನುವ ಊರಿನ ಮಕ್ಕಳಲ್ಲೂ ಬರುತ್ತದೆ, ಹೆಣ್ಣುಮಕ್ಕಳಲ್ಲೇ ಜಾಸ್ತಿ. ಹೊರಗಿನಿಂದ ನೋಡಲಿಕ್ಕೆ ಎರಡೂ ಒಂದೇ, ರಕ್ತ ನೋಡದೆ ಹೇಳಲಿಕ್ಕೆ ಬರುವುದಿಲ್ಲ. ಮನೆಗೆಲ್ಲ ಅಯೋಡಿನ್ ಉಪ್ಪು ಹಾಕಿ, ಅದು ಎಲ್ಲರಿಗೂ ಬೇಕು. ಆದರೆ ಇವಳಿಗೆ ಗುಣ ಆಗಲಿ ಅಂತ ಉಪ್ಪು ಜಾಸ್ತಿ ಕೊಡಬೇಡಿ, ಅಯೋಡಿನ್ ಹನಿ ಅದು ಇದು ಅಂತ ಯಾರೋ ಹೇಳಿದ್ದನ್ನೂ ಕೊಡಬೇಡಿ, ಅತಿ ಆದರೆ ಅದೂ ತೊಂದರೆಯೇ. ಇವಳಿಗೆ ಬೇಕಾದ್ದು ಗುಳಿಗೆ.

ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ. ಅತ್ತೆ ಒಂದೂ ಮಾತಾಡಲಿಲ್ಲ. "ನಾನು ಹೇಳಲಿಲ್ಲವಾ" ಅಂದಿದ್ದರೆ ನನಗೆ ಸುಲಭ ಆಗುತ್ತಿತ್ತು.

ಅಷ್ಟರಲ್ಲಿ ಡಾಕ್ಟ್ರಮ್ಮ ಅತ್ತೆಯ ಕಡೆ ನೋಡಿ, "ಅಜ್ಜಿ, ಸೆರಗು ಸ್ವಲ್ಪ ಸರಿಸಿ" ಅಂದರು. ಇವರು ಯಾವಾಗಲೂ ಸೆರಗನ್ನು ಕುತ್ತಿಗೆಗೆ ಸುತ್ತಿಯೇ ಇರುವುದು ನೀವೂ ನೋಡಿದ್ದೀರಿ, ಚಳಿಗೆ ಅಂತ ನಾನು ತಿಳಿದದ್ದು. ಸರಿಸಿದರು. ಗಂಟಲ ಬುಡದಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಎರಡು ಗಂಟು. "ಇದು ಇವತ್ತಿನದ್ದಲ್ಲ. ಮದುವೆಗೆ ಮೊದಲೇ ಇತ್ತು. ಹೆಣ್ಣು ನೋಡಲಿಕ್ಕೆ ಬಂದವರು ಶಂಖದ ಹಾಗಿನ ಕೊರಳು ಅಂದರು" ಅಂತ ನಕ್ಕರು. ಅವರಿಗೂ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯಿತು. ಸದ್ಯಕ್ಕೆ ಎಂತದೂ ಮಾಡಬೇಕಾಗಿಲ್ಲ, ವರ್ಷಕ್ಕೊಮ್ಮೆ ತೋರಿಸಿ ಅಂದಿದ್ದಾರೆ. ಹಳೆಯ ಕಾಲದ ಅಯೋಡಿನ್ ಕೊರತೆಯಿಂದ ಇರಬಹುದು ಅಂತ ಡಾಕ್ಟ್ರಮ್ಮ ಹೇಳಿದ್ದು ಇವರಿಗೆ ಮಾತ್ರ.

ಬರುವಾಗ ಬಸ್ಸು ಕಟಪಾಡಿ ದಾಟಿತ್ತು. ಮಗಳು ನನ್ನ ಭುಜಕ್ಕೆ ಒರಗಿ ನಿದ್ದೆ. ಶಂಕರಪುರದ ಹತ್ತಿರ ಅತ್ತೆ ಕಿಟಕಿಯ ಕಡೆ ನೋಡಿಕೊಂಡೇ ಕೇಳಿದರು, "ನನ್ನ ಮೊದಲಿನ ಎರಡು ಹೋಯಿತಲ್ಲ, ಅದೂ ಇದರಿಂದ ಇರಬಹುದಾ?"

ಮನೆಯಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ಒಂದು ಐದು ತಿಂಗಳಿಗೆ ಹೋದದ್ದು, ಇನ್ನೊಂದು ಹುಟ್ಟುವಾಗಲೇ ಜೀವ ಇಲ್ಲದೆ. ನಮ್ಮೆಜಮಾನರು ಮೂರನೆಯವರು. ಬಸುರಿಯರಿಗೆ ಅಯೋಡಿನ್ ದಿನಕ್ಕೆ 250 ಮೈಕ್ರೊಗ್ರಾಂ ಬೇಕು, ತೀರ ಸಾಲದೆ ಹೋದರೆ ಗರ್ಭ ನಿಲ್ಲದೆ ಹೋಗಬಹುದು, ಮಗು ಹುಟ್ಟಿದರೂ ಮೆದುಳು ಸರಿ ಬೆಳೆಯದೆ ಇರಬಹುದು ಅಂತ ನಾನು ಓದಿಯಾಗಿತ್ತು. ಆದರೆ ಐವತ್ತು ವರ್ಷದ ಹಿಂದಿನದ್ದಕ್ಕೆ ಯಾರು ಏನು ಅಂತ ಹೇಳುವುದು? "ಹೇಳಲಿಕ್ಕೆ ಬರುವುದಿಲ್ಲ ಅತ್ತೆ. ಬೇರೆ ಎಷ್ಟೋ ಕಾರಣ ಇರ್ತದೆ" ಅಂದೆ.

"ಆವಾಗ ನನ್ನ ಕಾಲ್ಗುಣ ಅಂದರು" ಅಂದರು ಅತ್ತೆ. ಮತ್ತೆ ಬಂಟಕಲ್ಲು ಬರುವ ತನಕ ಮಾತಿಲ್ಲ.

ಆ ವಾರವೇ ಆಶಾ ಕಾರ್ಯಕರ್ತೆ ಬಂದಾಗ ಅತ್ತೆಯೇ ಕೇಳಿದರು, ಉಪ್ಪು ಪರೀಕ್ಷೆ ಮಾಡುವ ಬಾಟ್ಲಿ ಉಂಟಾ ಅಂತ. ಸಣ್ಣ ಬಾಟ್ಲಿ, ಮದ್ದಿನ ಹನಿ ಹಾಕುವ ಹಾಗಿನದ್ದು. ಡಬ್ಬದ ತಳದಲ್ಲಿ ಉಳಿದಿದ್ದ ನಮ್ಮ ಕಲ್ಲುಪ್ಪನ್ನು ಹುಡಿ ಮಾಡಿ ತಟ್ಟೆಯಲ್ಲಿ ಇಟ್ಟು ಹನಿ ಬಿಟ್ಟರು. ಬೆಳ್ಳಗೆ ಇದ್ದದ್ದು ಬೆಳ್ಳಗೇ ಉಳಿಯಿತು. ಪ್ಯಾಕೆಟಿನ ಹುಡಿ ಉಪ್ಪಿಗೆ ಬಿಟ್ಟರೆ ಶಂಖಪುಷ್ಪದ ನೀಲಿ. ಹನಿಯಲ್ಲಿ ಗಂಜಿಯ ಅಂಶ ಇರುತ್ತದೆ, ಅಯೋಡಿನ್ ತಾಗಿದರೆ ಅದು ನೀಲಿ ಆಗುವುದು. ಬಾಯಮ್ಮನೂ ಓಡಿಹೋಗಿ ತಮ್ಮ ಡಬ್ಬ ತಂದರು. ಅವರದ್ದು ನೀಲಿ ಬಂತು, ಆದರೆ ತೀರ ತೆಳು. ಮುಚ್ಚಳ ಇಲ್ಲದ ಡಬ್ಬ, ಒಲೆಯ ಪಕ್ಕದಲ್ಲೇ ಇಡುವುದಂತೆ. ಅತ್ತೆ ಎರಡೂ ತಟ್ಟೆ ನೋಡುತ್ತ ತುಂಬ ಹೊತ್ತು ಕೂತಿದ್ದರು.

ಇನ್ನು ನೀವು ಕೇಳುವ ಪ್ರಶ್ನೆಗಳು. ಪ್ಯಾಕೆಟಿನ ಮೇಲೆ ನಗುವ ಸೂರ್ಯನ ಚಿತ್ರ ಇರುವುದು ನೋಡಿ ತನ್ನಿ, ಕಲ್ಲುಪ್ಪೇ ಬೇಕು ಅನ್ನುವವರಿಗೆ ಅಯೋಡಿನ್ ಹಾಕಿದ ಕಲ್ಲುಪ್ಪೂ ಸಿಗುತ್ತದೆ. ಅದನ್ನು ಮಾತ್ರ ಕಸ ಹೋಗಲಿ ಅಂತ ತೊಳೆಯಬೇಡಿ, ಅಯೋಡಿನ್ ಹರಳಿನ ಮೇಲೆ ಸಿಂಪಡಿಸಿದ್ದು, ತೊಳೆದ ನೀರಿನಲ್ಲೇ ಹೋಗುತ್ತದೆ. ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ, ಒಲೆಯಿಂದ ದೂರ. ಪಲ್ಯ, ಸಾರು ಇಳಿಸುವಾಗ ಉಪ್ಪು ಹಾಕಿದರೆ ಒಳ್ಳೆಯದು. ಮೂರು ಜನ ನನಗೆ ವಾಟ್ಸಾಪಿನಲ್ಲಿ ಕಳಿಸಿದ ಆ ಗುಲಾಬಿ ಬಣ್ಣದ ಸೈಂಧವ ಉಪ್ಪು ದುಬಾರಿ, ಅಷ್ಟೇ. ಅಯೋಡಿನ್ ಸೇರಿಸದಿದ್ದರೆ ಅದೂ ನಮ್ಮ ಮರಿಗೆಯ ಉಪ್ಪೇ. ಮಿಡಿ ಉಪ್ಪಿನಕಾಯಿಗೆ, ಉಪ್ಪಡ್ ಪಚ್ಚಿಲಿಗೆ ಹಳೆಯ ಕಲ್ಲುಪ್ಪೇ ಇರಲಿ ಅಂತ ಅತ್ತೆ ಹೇಳಿದ್ದಕ್ಕೆ ನಾನು ಎದುರು ಹೇಳಲಿಲ್ಲ. ಭರಣಿಯಿಂದ ತೆಗೆದ ಸೊಳೆಯನ್ನು ಹೇಗೂ ನೀರಿನಲ್ಲಿ ಹಾಕಿ ಉಪ್ಪು ಬಿಡಿಸುವುದಲ್ಲವಾ. ಕಣಿಲೆ ತಿನ್ನಬಹುದಾ ಅಂತ ಸುಮಾರು ಜನ ಕೇಳಿದಿರಿ. ಕಣಿಲೆಯಲ್ಲಿ ಥೈರಾಯ್ಡಿಗೆ ಅಡ್ಡ ಬರುವ ಅಂಶ ಇರುವುದು ಹೌದು. ಮೂರು ದಿನ ನೀರು ಬದಲಿಸಿ ನೆನೆಸಿ, ಬೇಯಿಸಿ ತಿನ್ನುವ ನಮ್ಮ ಕ್ರಮ ಒಳ್ಳೆಯದೇ. ಆಟಿಯಲ್ಲಿ ಒಂದೆರಡು ಸಲ ತಿಂದದ್ದಕ್ಕೆ ಯಾರಿಗೂ ಎಂತದೂ ಆಗುವುದಿಲ್ಲ.

ಮಗಳ ಗುಳಿಗೆಯ ಉಸ್ತುವಾರಿ ಈಗ ಅತ್ತೆಯದ್ದು. ಬೆಳಿಗ್ಗೆ ಎದ್ದ ಕೂಡಲೇ ಬರೀ ಹೊಟ್ಟೆಗೆ ನೀರಿನಲ್ಲಿ, ಮತ್ತೆ ಅರ್ಧ ಗಂಟೆ ಚಾ ಇಲ್ಲ ತಿಂಡಿ ಇಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಬೇಕು ಅಂತ ಟೀಚರಿಗೆ ಚೀಟಿ ಬರೆಸಿದ್ದೂ ಅವರೇ. ಮೂರು ತಿಂಗಳಲ್ಲಿ ಟಿಎಸ್‌ಎಚ್ ಇಳಿದಿದೆ. ಗಂಟಲಿನದ್ದು ಪೂರ್ತಿ ಹೋಗಲಿಲ್ಲ, ಸಣ್ಣ ಆಗಿದೆ. ಬಾಗಿಲ ದಾರಂದದಲ್ಲಿ ಪೆನ್ಸಿಲಿನ ಗೆರೆ ಒಂದು ವರ್ಷದ ಮೇಲೆ ಮೇಲಕ್ಕೆ ಹತ್ತಿದೆ. ಮೊನ್ನೆ ಹೂ ಕಟ್ಟುತ್ತ, ತಲೆ ಎತ್ತದೆಯೇ, "ಅಮ್ಮ, ಆ ದಿನ ನನಗೆ ನಿಜವಾಗಿ ನಿದ್ದೆ ಬಂದದ್ದು" ಅಂದಳು. "ಗೊತ್ತುಂಟು ಮಗಾ" ಅಂದೆ. ನಾರು ಕಡಿಮೆ ಬಿತ್ತು ಅಂತ ಎದ್ದು ತರಲಿಕ್ಕೆ ಹೋದೆ.

ಮರಿಗೆಯನ್ನು ಅತ್ತೆ ಬಾವಿಕಟ್ಟೆಗೆ ಕೊಂಡುಹೋಗಿ ಕಣಿಲೆಯ ಹಾಗೆಯೇ ನೀರು ಬದಲಿಸಿ ಬದಲಿಸಿ ನಾಲ್ಕು ದಿನ ನೆನೆಸಿದರು. ಬಿಸಿಲಿಗೆ ಒಣಗಿಸಿ, ಕೊಯ್ದ ಮೊಗ್ಗು ಹಾಕಲಿಕ್ಕೆ ಅಂತ ಚಾವಡಿಗೆ ತಂದಿಟ್ಟರು. ಮೂರನೇ ದಿನ ಹೂವಿನವರು ನಿಮ್ಮ ಹೂ ಯಾಕೋ ಬೇಗ ಬಾಡುತ್ತದಲ್ಲ ಅಂದರು. ಅತ್ತೆ ಮರಿಗೆಯ ಮೂಲೆಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟು ನೋಡಿದರು, ಪುನಃ ಎತ್ತಿಕೊಂಡು ಬಾವಿಕಟ್ಟೆಗೆ ಹೋದರು.